ಮುಟ್ಟು ನಿಂತ ಮೇಲೆ ಮೈಚರ್ಮ: ಹಾರ್ಮೋನ್ ಕ್ರೀಮು ಯಾರಿಗೆ, ಎಲ್ಲಿಗೆ?

(ಹಾನಗಲ್, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ತಾಲೂಕುಗಳ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ನೀಡಿದ ಆರೋಗ್ಯ ಮಾಹಿತಿಯ ಬರಹರೂಪ)



ಮನೆಗೆಲಸ, ಹೊಲದ ಕೆಲಸ ಎರಡನ್ನೂ ಬದಿಗಿಟ್ಟು ನೀವು ಇಷ್ಟು ಜನ ಇಲ್ಲಿ ಕೂಡಿದ್ದೀರಿ. ಉಳಿತಾಯ, ಸಾಲ, ಬಡ್ಡಿ, ಹಾಜರಿ ಇವು ಸಂಘದಲ್ಲಿ ಪ್ರತಿ ವಾರದ ಮಾತು. ಬಸುರಿ-ಬಾಣಂತಿಯರ ಆರೈಕೆ, ಮಕ್ಕಳ ಚುಚ್ಚುಮದ್ದು ಇವುಗಳ ಬಗ್ಗೆಯೂ ನಾವು ಮಾತಾಡುತ್ತೇವೆ. ಆದರೆ ನಲವತ್ತು ದಾಟಿದ ಹೆಣ್ಣುಮಗಳ ಮೈಯಲ್ಲಿ ಏನಾಗುತ್ತದೆ ಎಂಬ ಮಾತು ಬರುವುದೇ ಕಡಿಮೆ. ಬಂದರೂ ಕಿವಿಯಲ್ಲಿ ಪಿಸುಗುಟ್ಟುವ ಮಾತಾಗಿ ಬರುತ್ತದೆ. ಪ್ರತಿ ವರ್ಷ ಅಕ್ಟೋಬರ್ 18ನ್ನು ವಿಶ್ವ ಋತುಬಂಧ ದಿನವೆಂದು ಆಚರಿಸುತ್ತಾರೆ. ಋತುಬಂಧ ಅಂದ್ರ ಮುಟ್ಟು ನಿಲ್ಲುವುದು. ಇವತ್ತು ನಾವು ಆ ವಿಷಯದ ಒಂದೇ ಒಂದು ಮಗ್ಗಲನ್ನು ತೆಗೆದುಕೊಂಡಿದ್ದೇವೆ: ಮುಟ್ಟು ನಿಂತ ಮೇಲೆ ಚರ್ಮ ಯಾಕೆ ಒಣಗುತ್ತದೆ, ಅದಕ್ಕೆ ಹಾರ್ಮೋನ್ ಕ್ರೀಮು ಹಚ್ಚಬಹುದೋ ಬಾರದೋ?

ಇದು ಬರೀ ಚಂದದ ಮಾತಲ್ಲ. ನಮ್ಮ ಸಭೆಗಳಲ್ಲಿ ಕೇಳಿಬರುವ ಮಾತು ನೋಡ್ರಿ: "ಮೈ ಎಲ್ಲಾ ಕೆರೀತೈತ್ರಿ, ರಾತ್ರಿ ನಿದ್ದೀ ಹತ್ತಂಗಿಲ್ಲ." "ಕೈ ಚರ್ಮ ಹಾಳಿ ಆದಂಗ ಆಗೈತಿ." "ಉಚ್ಚಿ ಹೊಯ್ಯಾಕ ಹೋದ್ರ ಉರೀತೈತಿ, ಯಾರಿಗೆ ಹೇಳೂದು?" ಇಂಥ ತೊಂದರೆಗೆ ಪರಿಹಾರ ಇದೆ. ಆದರೆ ಸರಿಯಾದ ಪರಿಹಾರ ಗೊತ್ತಿಲ್ಲದೆ ಸಂತೆಯ ಕ್ರೀಮಿಗೆ, ಮೊಬೈಲಿನ ಜಾಹೀರಾತಿಗೆ ನಮ್ಮ ದುಡಿಮೆಯ ರೊಕ್ಕ ಹೋಗುತ್ತಿದೆ.

ಚರ್ಮ ಯಾಕೆ ಬದಲಾಗುತ್ತದೆ?

ಹೆಣ್ಣಿನ ಹೊಟ್ಟೆಯೊಳಗೆ ಗರ್ಭಚೀಲದ ಎರಡೂ ಬದಿಗೆ ಒಂದೊಂದು ಅಂಡಾಶಯ ಇರುತ್ತದೆ. ಅದು ತಿಂಗಳು ತಿಂಗಳು ತತ್ತಿ ಬಿಡುವುದರ ಜೊತೆಗೆ ಈಸ್ಟ್ರೋಜನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತದೆ. ಇಂಥ ರಸಕ್ಕೆ ಹಾರ್ಮೋನ್ ಎನ್ನುತ್ತಾರೆ. ನಮ್ಮ ದೇಶದ ಹೆಣ್ಣುಮಕ್ಕಳಿಗೆ ಸಾಮಾನ್ಯವಾಗಿ 46-47 ವರ್ಷದ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಪೂರ್ತಿ 12 ತಿಂಗಳು ಮುಟ್ಟಾಗದಿದ್ದರೆ ನಿಂತಿತು ಎಂದು ಲೆಕ್ಕ. ಅದರೊಂದಿಗೆ ಈಸ್ಟ್ರೋಜನ್ ಪ್ರಮಾಣವೂ ಬಹಳ ಇಳಿದುಬಿಡುತ್ತದೆ.

ಈ ಈಸ್ಟ್ರೋಜನ್ ಬರೀ ಮುಟ್ಟಿಗೆ ಸಂಬಂಧಪಟ್ಟದ್ದಲ್ಲ. ಎಲುಬು, ಹೃದಯ, ಮೂತ್ರದ ದಾರಿ, ಚರ್ಮ ಎಲ್ಲವೂ ಇದರ ಮೇಲೆ ನಿಂತಿವೆ. ಚರ್ಮದ ಒಳಗೆ ಕೊಲಾಜೆನ್ ಎಂಬ ನಾರು ಇದೆ. ಮಣ್ಣಿನ ಗೋಡೆಗೆ ಹುಲ್ಲು ಕಲಸಿದರೆ ಗೋಡೆ ಗಟ್ಟಿಯಾಗಿ ನಿಲ್ಲುತ್ತದಲ್ಲ, ಹಂಗ ಈ ನಾರು ಚರ್ಮವನ್ನು ಹಿಡಿದು ನಿಲ್ಲಿಸುತ್ತದೆ. ಮುಟ್ಟು ನಿಂತ ಮೊದಲ ಐದು ವರ್ಷಗಳಲ್ಲಿ ಈ ನಾರಿನಲ್ಲಿ ನೂರಕ್ಕೆ ಸುಮಾರು 30 ಪಾಲು ಕಡಿಮೆಯಾಗುತ್ತದೆ. ಆಮೇಲೆ ವರ್ಷಕ್ಕೆ ಸುಮಾರು 2 ಪಾಲಿನಂತೆ ಇಳಿಯುತ್ತಾ ಹೋಗುತ್ತದೆ. ಜೊತೆಗೆ ಚರ್ಮದ ಎಣ್ಣೆ, ತೇವ ಎರಡೂ ಕಡಿಮೆಯಾಗುತ್ತವೆ. ಆದ್ದರಿಂದಲೇ ಚರ್ಮ ತೆಳುವಾಗುತ್ತದೆ, ಸುಕ್ಕು ಬೀಳುತ್ತದೆ, ತುರಿಸುತ್ತದೆ. ಸಣ್ಣ ಗಾಯವೂ ಬೇಗ ಮಾಯುವುದಿಲ್ಲ.

ಇದರ ಮೇಲೆ ನಮ್ಮ ಕೆಲಸ ಬೇರೆ. ಹಾನಗಲ್ಲಿನ ಗದ್ದೆಯಲ್ಲಿ ನೀರಿನಲ್ಲಿ ನಿಂತು ನಾಟಿ ಮಾಡುವವರು, ಸವಣೂರು-ಶಿಗ್ಗಾವಿ ಕಡೆ ಬಿಸಿಲಲ್ಲಿ ಹತ್ತಿ ಬಿಡಿಸುವವರು, ಗೋವಿನಜೋಳದ ತೆನೆ ಮುರಿಯುವವರು, ಬ್ಯಾಡಗಿ ಮೆಣಸಿನಕಾಯಿ ತುಂಬು ಬಿಡಿಸಲು ಹೋಗುವವರು ನಮ್ಮಲ್ಲಿ ಇದ್ದಾರೆ. ಬಿಸಿಲು, ನೀರು, ಖಾರ ಇವು ಮೊದಲೇ ತೆಳುವಾದ ಚರ್ಮವನ್ನು ಇನ್ನಷ್ಟು ಹಾಳು ಮಾಡುತ್ತವೆ. ಇಪ್ಪತ್ತೈದು ವರ್ಷದವಳಿಗೆ ಏನೂ ಆಗದ ಖಾರದ ಕೆಲಸ ಐವತ್ತರ ಅಕ್ಕನಿಗೆ ಕೈ ಉರಿಸುತ್ತದೆ. ಅದು ಆಕೆಯ ಮೈಗಳ್ಳತನವಲ್ಲ. ಆಕೆಯ ಚರ್ಮ ಬದಲಾಗಿದೆ.

ಮೊಬೈಲಿನಲ್ಲಿ ಬರುವ ಈಸ್ಟ್ರೋಜನ್ ಕ್ರೀಮು

ಈಗ ಹಳ್ಳಿ ಹಳ್ಳಿಗೂ ಮೊಬೈಲು ಬಂದಿದೆ. "ಈಸ್ಟ್ರೋಜನ್ ಕಡಿಮೆ ಆದದ್ದಕ್ಕೆ ಸುಕ್ಕು ಬಿದ್ದಿದೆ, ಅದನ್ನೇ ಮುಖಕ್ಕೆ ಹಚ್ಚಿರಿ, ವಯಸ್ಸು ಹಿಂದೆ ಹೋಗುತ್ತದೆ" ಎನ್ನುವ ವಿಡಿಯೋಗಳನ್ನು ಮಕ್ಕಳು ತೋರಿಸುತ್ತಾರೆ. ಕೇಳಿದರೆ ಲೆಕ್ಕ ಸರಿ ಅನ್ನಿಸುತ್ತದೆ. ಕಡಿಮೆ ಆದದ್ದನ್ನು ತುಂಬಿಸಿದರೆ ಆಯ್ತಲ್ಲ? ವಿಷಯ ಅಷ್ಟು ಸರಳವಿಲ್ಲ.

ಇದರ ಬಗ್ಗೆ ಪರೀಕ್ಷೆಗಳು ನಡೆದಿವೆ. 1996ರಲ್ಲಿ ಆಸ್ಟ್ರಿಯಾ ದೇಶದ ವಿಯೆನ್ನಾದ ವೈದ್ಯರು 59 ಹೆಂಗಸರಿಗೆ ಆರು ತಿಂಗಳು ಈಸ್ಟ್ರೋಜನ್ ಕ್ರೀಮು ಹಚ್ಚಿಸಿ ನೋಡಿದರು. ಚರ್ಮದ ಬಿಗಿ, ತೇವ ಸುಧಾರಿಸಿತು ಎಂದು ವರದಿ ಮಾಡಿದರು. ಆದರೆ 59 ಜನ ಎಂದರೆ ನಮ್ಮ ಮೂರು-ನಾಲ್ಕು ಸಂಘಗಳಷ್ಟು ಜನ ಮಾತ್ರ. ಆರು ತಿಂಗಳು ಎಂದರೆ ಬಹಳ ಕಡಿಮೆ ಅವಧಿ. 2008ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದವರು ಇನ್ನೊಂದು ಪರೀಕ್ಷೆ ಮಾಡಿದರು. ವಯಸ್ಸಾದವರ ಚರ್ಮಕ್ಕೆ ಎರಡು ವಾರ ಈಸ್ಟ್ರೋಜನ್ ಹಚ್ಚಿದರು. ಬಿಸಿಲು ಬೀಳದ ಸೊಂಟದ ಚರ್ಮದಲ್ಲಿ ಕೊಲಾಜೆನ್ ತಯಾರಿಕೆ ಹೆಚ್ಚಿತು. ಬಿಸಿಲಿಗೆ ಹಾಳಾದ ಮುಖ ಮತ್ತು ಮುಂಗೈ ಚರ್ಮದಲ್ಲಿ ಹೆಚ್ಚಲಿಲ್ಲ.

ಅಕ್ಕಂದಿರೇ, ಈ ಮಾತನ್ನು ಸ್ವಲ್ಪ ಲಕ್ಷ್ಯಗೊಟ್ಟು ಕೇಳಿರಿ. ಮೂವತ್ತು ವರ್ಷ ಹೊಲದಲ್ಲಿ ದುಡಿದ ನಮ್ಮ ಮುಖ ಎಂಥದ್ದು? ಬಿಸಿಲು ಕುಡಿದ ಮುಖ. ಆ ಪರೀಕ್ಷೆಯಲ್ಲಿ ಇಂಥ ಚರ್ಮದ ಮೇಲೆಯೇ ಈ ಔಷಧಿ ಕೆಲಸ ಮಾಡಲಿಲ್ಲ. ಹಾಗಿದ್ದಾಗ ಅದಕ್ಕೆ ರೊಕ್ಕ ಸುರಿಯುವುದು ಯಾಕೆ?

ಲಾಭ ಅನುಮಾನ. ಅಪಾಯಗಳು ಮಾತ್ರ ಗೊತ್ತಿರುವಂಥವು:

- ಈಸ್ಟ್ರೋಜನ್‌ನಿಂದ ಮುಖದ ಮೇಲೆ ಬಂಗು ಏಳಬಹುದು, ಇದ್ದದ್ದು ಹೆಚ್ಚಾಗಬಹುದು. ಬಸುರಿ ಇದ್ದಾಗ ಕೆಲವರಿಗೆ ಬಂಗು ಬರುತ್ತದಲ್ಲ, ಅದರಲ್ಲೂ ಈ ಹಾರ್ಮೋನಿನ ಕೈವಾಡ ಇದೆ. ನಮ್ಮಂಥ ಕಂದು ಬಣ್ಣದ ಚರ್ಮಕ್ಕೆ ಬಂಗು ಬೇಗ ಬರುತ್ತದೆ, ಹೋಗುವುದು ನಿಧಾನ.
- ದಿನಾಲೂ ಮುಖ, ಕುತ್ತಿಗೆ, ಕೈಗೆಲ್ಲ ಹಚ್ಚಿದರೆ ಅದು ಚರ್ಮದಲ್ಲೇ ನಿಲ್ಲುವುದಿಲ್ಲ, ರಕ್ತಕ್ಕೂ ಇಳಿಯುತ್ತದೆ. ಗರ್ಭಚೀಲ ಇರುವ ಹೆಂಗಸಿನ ಮೈಗೆ ಈಸ್ಟ್ರೋಜನ್ ಒಂದೇ ಬಹಳ ದಿನ ಹೋದರೆ ಚೀಲದ ಒಳಪದರ ಬೆಳೆದು ಕ್ಯಾನ್ಸರಿಗೆ ದಾರಿಯಾಗಬಹುದು. ಅದಕ್ಕೇ ವೈದ್ಯರು ಹಾರ್ಮೋನ್ ಮಾತ್ರೆ ಕೊಡುವಾಗ ಜೊತೆಗೆ ಇನ್ನೊಂದು ಹಾರ್ಮೋನ್ ಸೇರಿಸುತ್ತಾರೆ.
- ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು ವೈದ್ಯರನ್ನು ಕೇಳದೆ ಯಾವ ಹಾರ್ಮೋನನ್ನೂ ಮುಟ್ಟಬಾರದು.
- ಹಚ್ಚಿದ ಕೈಯಿಂದ, ಮೈಯಿಂದ ಅದು ಮಕ್ಕಳಿಗೂ ಅಂಟುತ್ತದೆ. ಅಮೆರಿಕದಲ್ಲಿ ಮೈಗೆ ಸಿಂಪಡಿಸಿಕೊಳ್ಳುವ ಈಸ್ಟ್ರೋಜನ್ ಔಷಧಿ ತಗುಲಿ ಸಣ್ಣ ಮಕ್ಕಳಿಗೆ ಎದೆ ಬೆಳೆದದ್ದು ಕಂಡುಬಂದು, 2010ರಲ್ಲಿ ಅಲ್ಲಿಯ ಔಷಧ ಇಲಾಖೆ ಎಚ್ಚರಿಕೆ ಕೊಟ್ಟಿತು. ಮೊಮ್ಮಕ್ಕಳನ್ನು ಎತ್ತಿ ಮುದ್ದಾಡುವ ಅಜ್ಜಿಯರು ಇದನ್ನು ನೆನಪಿಡಬೇಕು.

ಆದ್ದರಿಂದ ಈಸ್ಟ್ರೋಜನ್ ಕ್ರೀಮು ಸ್ನೋ-ಪೌಡರಿನ ಜಾತಿಗೆ ಸೇರಿದ್ದಲ್ಲ. ಅದು ಔಷಧಿ. ವೈದ್ಯರ ಚೀಟಿ ಇಲ್ಲದೆ ತರುವಂಥದ್ದಲ್ಲ.

ಈ ಕ್ರೀಮು ನಿಜವಾಗಿ ಬೇಕಾದ ಜಾಗ

ಹಾಗಾದರೆ ಈಸ್ಟ್ರೋಜನ್ ಕ್ರೀಮು ಯಾರಿಗೂ ಬೇಡವೇ? ಬೇಕು. ಅದು ನಿಜವಾಗಿ ಕೆಲಸಕ್ಕೆ ಬರುವ ಜಾಗ ಬೇರೆ. ನಾಚಿಕೆ ಬಿಟ್ಟು ಹೇಳಬೇಕಾದ ಮಾತು ಇದೇ.

ಮುಟ್ಟು ನಿಂತ ಮೇಲೆ ಯೋನಿಯ ಒಳಗಿನ ಚರ್ಮ, ಮೂತ್ರದ್ವಾರದ ಸುತ್ತಲಿನ ಚರ್ಮ ಕೂಡ ತೆಳುವಾಗಿ ಒಣಗುತ್ತದೆ. ಮುಟ್ಟು ನಿಂತವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರಿಗೆ ಈ ತೊಂದರೆ ಇರುತ್ತದೆ. ಒಣಗಿ ಉರಿಯುವುದು, ಕೆರೆತ, ಗಂಡನ ಜೊತೆ ಕೂಡುವಾಗ ನೋವು, ಪದೇ ಪದೇ ಉರಿಮೂತ್ರ, ತಡೆದುಕೊಳ್ಳಲಾಗದಂತೆ ಮೂತ್ರಕ್ಕೆ ಅವಸರ ಇವು ಅದರ ಲಕ್ಷಣ. ಬಹಳ ಮಂದಿ "ವಯಸ್ಸಾತು, ಇನ್ನೇನು" ಎಂದು ಸುಮ್ಮನಾಗುತ್ತಾರೆ. ಕೆಲವರು ಗಂಡನಿಂದ ದೂರ ಮಲಗುತ್ತಾರೆ, ಕಾರಣ ಹೇಳುವುದಿಲ್ಲ. ಮನೆಯಲ್ಲಿ ಸಿಟ್ಟು, ಸಂಶಯ ಬೆಳೆಯುತ್ತದೆ. ಉರಿಮೂತ್ರಕ್ಕೆ ತಿಂಗಳು ತಿಂಗಳು ಗುಳಿಗೆ ನುಂಗುವವರೂ ಇದ್ದಾರೆ.

ಇಂಥ ತೊಂದರೆಗೆ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮು ಒಳ್ಳೆಯ ಔಷಧಿ. ಮುಖದ ಕ್ರೀಮಿನ ಹಾಗೆ ಇದರಲ್ಲಿ ಅನುಮಾನವಿಲ್ಲ, ಪರೀಕ್ಷೆಗಳಲ್ಲಿ ಸಾಬೀತಾಗಿದೆ. ಸಾಮಾನ್ಯವಾಗಿ ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ ಒಳಗೆ ಹಚ್ಚಿಕೊಳ್ಳಲು ವೈದ್ಯರು ಹೇಳುತ್ತಾರೆ. ರಕ್ತಕ್ಕೆ ಹೋಗುವುದು ಬಹಳ ಕಡಿಮೆ. ಕೆಲವು ವಾರಗಳಲ್ಲಿ ಉರಿ, ನೋವು ಇಳಿಯುತ್ತವೆ, ಪದೇ ಪದೇ ಬರುವ ಮೂತ್ರದ ಸೋಂಕೂ ಕಡಿಮೆಯಾಗುತ್ತದೆ. ಬಿಟ್ಟರೆ ತೊಂದರೆ ತಿರುಗಿ ಬರಬಹುದು. ಎಷ್ಟು ದಿನ ಹಚ್ಚಬೇಕೆಂದು ವೈದ್ಯರನ್ನೇ ಕೇಳಬೇಕು.

ಒಂದು ಎಚ್ಚರಿಕೆ: ಕೆಳಗಿನ ಕೆರೆತ ಎಲ್ಲವೂ ಮುಟ್ಟು ನಿಂತದ್ದರಿಂದಲೇ ಬಂದದ್ದಲ್ಲ. ಸಕ್ಕರೆ ಕಾಯಿಲೆ, ಬೂಸಿನ ಸೋಂಕು, ಚರ್ಮದ ಬೇರೆ ರೋಗ ಕೂಡ ಇರಬಹುದು. ಅದಕ್ಕೆ ಮೊದಲು ತೋರಿಸಬೇಕು, ಆಮೇಲೆ ಹಚ್ಚಬೇಕು.

ಮೈ ಝಳ ಹೊಡೆದಂತಾಗುವುದು, ಬೆವತು ಎಚ್ಚರವಾಗುವುದು ಬಹಳವಿದ್ದರೆ ಹಾರ್ಮೋನ್ ಮಾತ್ರೆ ಕೊಡುವುದುಂಟು. 2002ರಲ್ಲಿ ಅಮೆರಿಕದ ದೊಡ್ಡ ಅಧ್ಯಯನವೊಂದು ಸ್ತನ ಕ್ಯಾನ್ಸರ್, ಪಾರ್ಶ್ವವಾಯು ಸ್ವಲ್ಪ ಹೆಚ್ಚುತ್ತವೆ ಎಂದು ತೋರಿಸಿದ ಮೇಲೆ ಜಗತ್ತೆಲ್ಲ ಹೆದರಿತು. ನಂತರದ ಪರಿಶೀಲನೆಯಲ್ಲಿ, 60 ವರ್ಷದೊಳಗೆ ಅಥವಾ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದ ಆರೋಗ್ಯವಂತರಲ್ಲಿ ಅಪಾಯ ಕಡಿಮೆ ಎಂದು ತಿಳಿದುಬಂತು. ಆದರೆ ಬರೀ ಚರ್ಮದ ಸುಕ್ಕಿಗಾಗಿ ಇದನ್ನು ತೆಗೆದುಕೊಳ್ಳುವುದಲ್ಲ.

ಗರ್ಭಚೀಲ ತೆಗೆಸಿದ ಅಕ್ಕಂದಿರಿಗೆ

ನಮ್ಮ ಹಾವೇರಿ ಜಿಲ್ಲೆಯಲ್ಲಿ ಈ ಮಾತನ್ನು ಹೇಳದೆ ಮುಂದೆ ಹೋಗುವಂತಿಲ್ಲ. 2010ರಿಂದ 2017ರ ನಡುವೆ ರಾಣೆಬೆನ್ನೂರಿನಲ್ಲಿ ಸುಮಾರು 1,500 ಹೆಣ್ಣುಮಕ್ಕಳ ಗರ್ಭಚೀಲ ತೆಗೆದ ಪ್ರಕರಣ ನಾಡಿಗೆಲ್ಲ ಗೊತ್ತಾಯಿತು. ಅವರಲ್ಲಿ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು ಬಹಳ ಮಂದಿ. ತನಿಖೆ ನಡೆಯಿತು, ಪರಿಹಾರ ಕೇಳಿ ಅವರು ಬೀದಿಗಿಳಿದು ಹೋರಾಡಿದರು. ದೇಶದ ಬೇರೆ ರಾಜ್ಯಗಳಲ್ಲೂ ಇಂಥದ್ದು ನಡೆದ ಕಾರಣ, 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಅನಾವಶ್ಯಕವಾಗಿ ಗರ್ಭಚೀಲ ತೆಗೆಯುವುದನ್ನು ತಡೆಯಲು ಕೇಂದ್ರ ಸರ್ಕಾರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಎಲ್ಲ ರಾಜ್ಯಗಳಿಗೂ ಹೇಳಿತು.

ಇದಕ್ಕೂ ಚರ್ಮಕ್ಕೂ ಏನು ಸಂಬಂಧ? ಗರ್ಭಚೀಲದ ಜೊತೆ ಎರಡೂ ಅಂಡಾಶಯ ತೆಗೆದರೆ ಈಸ್ಟ್ರೋಜನ್ ಒಂದೇ ದಿನಕ್ಕೆ ಬೀಳುತ್ತದೆ. ನಿಧಾನವಾಗಿ ಇಳಿಯಬೇಕಾದದ್ದು ತಟ್ಟನೆ ಇಳಿದಾಗ ಝಳ, ಒಣಚರ್ಮ, ಕೆಳಗಿನ ಉರಿ, ಎಲುಬಿನ ಸವಕಳಿ ಎಲ್ಲವೂ ಜೋರಾಗಿ ಬರುತ್ತವೆ. ಅಂಡಾಶಯ ಉಳಿಸಿ ಚೀಲ ಮಾತ್ರ ತೆಗೆದರೂ ಕೆಲವರಿಗೆ ಈಸ್ಟ್ರೋಜನ್ ಬೇಗ ಬತ್ತುತ್ತದೆ. ಮುಟ್ಟು ಮೊದಲೇ ನಿಂತಿರುವುದರಿಂದ ಅದು ಗೊತ್ತೇ ಆಗುವುದಿಲ್ಲ. ಮೂವತ್ತೈದರ ಹೆಣ್ಣುಮಗಳು "ನನ್ನ ಮೈ ಮುದುಕಿ ಮೈ ಆಗೈತಿ" ಅಂದರೆ ಆಕೆ ಸುಳ್ಳು ಹೇಳುತ್ತಿಲ್ಲ.

ಇಂಥವರಿಗೆ ಮುಖದ ಕ್ರೀಮು ಉತ್ತರವಲ್ಲ. 45 ವರ್ಷದೊಳಗೆ ಎರಡೂ ಅಂಡಾಶಯ ಕಳೆದುಕೊಂಡವರಿಗೆ, ಬೇರೆ ಅಡ್ಡಿ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಚಿಕಿತ್ಸೆ ಕೊಡಬೇಕು ಎಂದು ವೈದ್ಯಕೀಯ ಮಾರ್ಗಸೂಚಿಗಳೇ ಹೇಳುತ್ತವೆ. ಅದು ಎಲುಬಿಗೂ ಹೃದಯಕ್ಕೂ ಬೇಕು. ಚರ್ಮಕ್ಕೆ ಆಗುವ ಅನುಕೂಲ ಅದರ ಜೊತೆಗೆ ಬಂದದ್ದು. ಆದ್ದರಿಂದ ಚೀಲ ತೆಗೆಸಿದ ಪ್ರತಿಯೊಬ್ಬ ಅಕ್ಕನೂ ಆಪರೇಷನ್ ಕಾಗದ ಹುಡುಕಿ ತೆಗೆಯಿರಿ. ಅದನ್ನು ಹಿಡಿದುಕೊಂಡು ಸ್ತ್ರೀರೋಗ ವೈದ್ಯರಿಗೆ ಒಂದೇ ಪ್ರಶ್ನೆ ಕೇಳಿರಿ: "ನನ್ನ ಅಂಡಾಶಯ ಉಳಿಸ್ಯಾರೋ, ತೆಗೆದಾರೋ?" ಕಾಗದ ಇಲ್ಲದಿದ್ದರೂ ಹೋಗಿ ಕೇಳಿರಿ. ಸ್ಕ್ಯಾನಿಂಗ್, ರಕ್ತ ಪರೀಕ್ಷೆ ಮಾಡಿ ನೋಡಬಹುದು.

ಸಂತೆಯ ಟ್ಯೂಬು, ಬಿಳಿ ಮಾಡುವ ಡಬ್ಬಿ

ಒಣಗಿದ, ಕಪ್ಪಾದ ಮುಖಕ್ಕೆ ಬಹಳ ಮಂದಿ ಅಂಗಡಿಯಿಂದ ಟ್ಯೂಬು ತಂದು ಹಚ್ಚುತ್ತಾರೆ. ಇವುಗಳಲ್ಲಿ ಕೆಲವು ಸ್ಟಿರಾಯ್ಡ್ ಮುಲಾಮು. ನಾಲ್ಕು ದಿನ ಮುಖ ಬೆಳ್ಳಗೆ, ನುಣ್ಣಗೆ ಕಾಣುತ್ತದೆ. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ಇನ್ನೂ ತೆಳುವಾಗಿ ಕೆಂಪು ನರ ಕಾಣುತ್ತದೆ, ಗುಳ್ಳೆ ಏಳುತ್ತದೆ, ಗಲ್ಲದ ಮೇಲೆ ಕೂದಲು ಬರುತ್ತದೆ. ಬಿಟ್ಟರೆ ಮುಖ ಉರಿಯುತ್ತದೆ, ಹೀಗಾಗಿ ಬಿಡಲೂ ಆಗುವುದಿಲ್ಲ. ಮುಟ್ಟು ನಿಂತು ಮೊದಲೇ ತೆಳುವಾದ ಚರ್ಮಕ್ಕೆ ಇದು ಗಾಯದ ಮೇಲೆ ಬರೆ. ಚರ್ಮವೈದ್ಯರು ಬಹಳ ವರ್ಷ ಕೂಗಿ ಹೇಳಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟಿರಾಯ್ಡ್‌ಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಟ್ಯೂಬಿನ ಮೇಲೆ ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಎಂಬ ಹೆಸರು ಇದೆಯೇ ಎಂದು ಓದು ಬಲ್ಲ ಮಗಳಿಂದ ಓದಿಸಿರಿ. ಇದ್ದರೆ ಅದು ಸ್ಟಿರಾಯ್ಡ್.

ಇನ್ನು ಹೆಸರು-ವಿಳಾಸ ಇಲ್ಲದ ಬಿಳಿ ಮಾಡುವ ಕ್ರೀಮುಗಳು. ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2021ರಿಂದ 2023ರ ನಡುವೆ ಇಂಥ ಕ್ರೀಮು ಹಚ್ಚಿದವರಿಗೆ ಮೂತ್ರಪಿಂಡದ ಕಾಯಿಲೆ ಬಂದದ್ದನ್ನು ವೈದ್ಯರು ಪತ್ತೆ ಹಚ್ಚಿದರು. ಕಾರಣ ಕ್ರೀಮಿನಲ್ಲಿದ್ದ ಪಾದರಸ. ತಯಾರಿಸಿದವರ ವಿಳಾಸ, ಬ್ಯಾಚ್ ನಂಬರ್ ಇಲ್ಲದ ಡಬ್ಬಿಯನ್ನು ಮನೆಯೊಳಗೆ ತರಬೇಡಿರಿ.

ಮನೆಯಲ್ಲಿ ನಾವೇ ಮಾಡಬಹುದಾದದ್ದು

ಒಣಚರ್ಮದ ಬಹುಪಾಲು ತೊಂದರೆಗೆ ದುಬಾರಿ ಔಷಧಿ ಬೇಕಾಗಿಲ್ಲ.

1. ಸುಡುಸುಡು ನೀರಿನ ಜಳಕ ಬೇಡ, ಉಗುರು ಬೆಚ್ಚಗಿನ ನೀರು ಸಾಕು. ಮೈಯನ್ನು ಕಲ್ಲಿನಿಂದ ತಿಕ್ಕಬೇಡಿರಿ. ಸೋಪನ್ನು ಬೆವರುವ ಜಾಗಗಳಿಗೆ ಮಾತ್ರ ಹಚ್ಚಿರಿ. ಯೋನಿಯ ಒಳಗೆ ಸೋಪು, ಡೆಟ್ಟಾಲ್ ಯಾವುದೂ ಬೇಡ.
2. ಮೈ ಒರೆಸಿಕೊಂಡ ತಕ್ಷಣ, ಇನ್ನೂ ಹಸಿ ಇರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ತೆಳುವಾಗಿ ಹಚ್ಚಿರಿ. ಒಣಗಿದ ಮೇಲೆ ಹಚ್ಚುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡುತ್ತದೆ, ತೇವ ಒಳಗೇ ಉಳಿಯುತ್ತದೆ. ರಾತ್ರಿ ಮಲಗುವಾಗ ಹಿಮ್ಮಡಿಗೆ ಹಚ್ಚಿ ಹಳೆಯ ಕಾಲುಚೀಲ ಹಾಕಿಕೊಳ್ಳಿರಿ.
3. ಹೊಲಕ್ಕೆ ಹೋಗುವಾಗ ಸೀರೆಯ ಮೇಲೆ ತುಂಬುತೋಳಿನ ಅಂಗಿ, ತಲೆಯ ಮೇಲೆ ಸೆರಗು ಅಥವಾ ಟೋಪಿ. ಬಿಸಿಲಿನಿಂದ ಬರುವ ಸುಕ್ಕಿಗೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ.
4. ಮೆಣಸಿನಕಾಯಿ ಕೆಲಸಕ್ಕೆ, ಪಾತ್ರೆ-ಬಟ್ಟೆ ತೊಳೆಯುವುದಕ್ಕೆ ಕೈಗವಸು ಹಾಕಿರಿ. ಮುಖಕ್ಕೆ ನಿಂಬೆಹಣ್ಣು, ಸೋಡಾ ತಿಕ್ಕಬೇಡಿರಿ.
5. ಊಟದಲ್ಲಿ ಬೇಳೆ, ಮೊಳಕೆಕಾಳು, ಶೇಂಗಾ, ತತ್ತಿ, ಹಾಲು, ಸೊಪ್ಪು ಇರಲಿ. ನಮ್ಮ ಅಗಸಿ ಹಿಂಡಿ ಒಳ್ಳೆಯದು. ಅಗಸಿಯಲ್ಲಿ ಈಸ್ಟ್ರೋಜನ್ನನ್ನು ಸ್ವಲ್ಪ ಹೋಲುವ ವಸ್ತು ಇದೆ. ಆದರೆ ಅದು ಔಷಧಿಗೆ ಬದಲಿ ಅಲ್ಲ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ರೂಢಿಯನ್ನು ಬಿಡೋಣ.
6. ತಂಬಾಕು, ಗುಟಕಾ, ಕಡ್ಡಿಪುಡಿ ಬಿಡಿರಿ.
7. ಎಣ್ಣೆ ಹಚ್ಚಿಯೂ ತುರಿಕೆ ನಿಲ್ಲದಿದ್ದರೆ ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿರಿ.

ಸಭೆಯಲ್ಲಿ ಅಕ್ಕಂದಿರು ಕೇಳಿದ ಪ್ರಶ್ನೆಗಳು

"ಕೆಳಗ ಹಚ್ಚಾಕ ಡಾಕ್ಟ್ರು ಕೊಟ್ಟ ಟ್ಯೂಬು ಮನ್ಯಾಗ ಉಳದೈತಿ. ಮುಖಕ್ಕ ಹಚ್ಚಿದ್ರ ನಡೀತೈತೇನ್ರಿ?"
ಬೇಡ. ಆ ಅಳತೆ ಆ ಜಾಗಕ್ಕೆ ಮಾತ್ರ ಕೊಟ್ಟದ್ದು. ಮುಖಕ್ಕೆ ಬಂಗು ಬರಬಹುದು. ಬೇರೊಬ್ಬ ಅಕ್ಕನಿಗೂ ಕೊಡಬೇಡಿರಿ.

"ಮುಟ್ಟು ನಿಂತು ಎರಡು ವರ್ಷ ಆಗಿತ್ತು. ಈಗ ಸ್ವಲ್ಪ ಕಾಣಿಸಿಕೊಂಡೈತಿ. ತಿರುಗಿ ಮುಟ್ಟು ಬಂತೇನ್ರಿ?"
ಇಲ್ಲ ಅಕ್ಕಾ. ಒಂದು ವರ್ಷ ನಿಂತ ಮೇಲೆ ಒಂದು ಹನಿ ರಕ್ತ ಕಂಡರೂ ತಡ ಮಾಡದೆ ಸ್ತ್ರೀರೋಗ ವೈದ್ಯರಿಗೆ ತೋರಿಸಬೇಕು. ಬಹಳ ಸಲ ಸಣ್ಣ ಕಾರಣವೇ ಇರುತ್ತದೆ. ಆದರೆ ಗರ್ಭಚೀಲದ ಕ್ಯಾನ್ಸರಿನ ಮೊದಲ ಗುರುತೂ ಇದೇ. ಬೇಗ ಗೊತ್ತಾದರೆ ಗುಣವಾಗುತ್ತದೆ.

"ಗಂಡಸು ಡಾಕ್ಟ್ರ ಮುಂದ ಹೆಂಗ ಹೇಳೂದ್ರಿ?"
ಮೊದಲು ನಿಮ್ಮೂರ ಆಶಾ ಕಾರ್ಯಕರ್ತೆಗೆ ಹೇಳಿರಿ. ಲೇಡಿ ಡಾಕ್ಟರು ಯಾವ ದಿನ ಇರುತ್ತಾರೆಂದು ಆಕೆ ತಿಳಿದು ಹೇಳುತ್ತಾಳೆ. ತಾಲೂಕು ಆಸ್ಪತ್ರೆಯಲ್ಲಿ ಆಗದಿದ್ದರೆ ಹಾವೇರಿಯ ಜಿಲ್ಲಾ ಆಸ್ಪತ್ರೆಗೆ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐಗೆ (ಹಿಂದಿನ ಕಿಮ್ಸ್) ಹೋಗಬಹುದು. ಬಾಯಲ್ಲಿ ಹೇಳಲು ಆಗದಿದ್ದರೆ ಚೀಟಿಯಲ್ಲಿ ಬರೆದು ಕೊಡಿರಿ: ಮುಟ್ಟು ಯಾವಾಗ ನಿಂತಿತು, ಏನು ತೊಂದರೆ, ಯಾವ ಔಷಧಿ ತೆಗೆದುಕೊಂಡೆ. ಮೂರು ಸಾಲು ಸಾಕು.

ಸಂಘದಲ್ಲಿ ಏನು ಮಾಡೋಣ?

ಅಕ್ಕಂದಿರೇ, ಒಬ್ಬೊಬ್ಬರೇ ಬ್ಯಾಂಕಿಗೆ ಹೋಗಲು ಅಂಜುತ್ತಿದ್ದ ಕಾಲ ಒಂದಿತ್ತು. ಕೂಡಿ ಹೋದ ಮೇಲೆ ಅಂಜಿಕೆ ಹೋಯಿತು. ಆಸ್ಪತ್ರೆಗೂ ಹಾಗೇ ಹೋಗೋಣ. ಪ್ರತಿ ಸಂಘಕ್ಕೂ ನಮ್ಮ ವಿನಂತಿ ಇಷ್ಟು:

- ಮುಂದಿನ ಸಭೆಯಲ್ಲಿ ಅರ್ಧ ಗಂಟೆ ಈ ವಿಷಯಕ್ಕೆ ಇಡಿರಿ. ಈ ಹಾಳೆಯನ್ನು ಓದು ಬಲ್ಲವರು ಓದಿ ಹೇಳಲಿ.
- ಗರ್ಭಚೀಲ ತೆಗೆಸಿದವರು, 45ಕ್ಕಿಂತ ಮೊದಲು ಮುಟ್ಟು ನಿಂತವರು ಎಷ್ಟು ಜನ ಎಂದು ಎಣಿಸಿರಿ. ಹೆಸರು ಬರೆಯುವುದು ಬೇಡ, ಸಂಖ್ಯೆ ಸಾಕು. ಅವರು ನಾಲ್ಕೈದು ಜನ ಕೂಡಿ ಒಂದೇ ದಿನ ಆಸ್ಪತ್ರೆಗೆ ಹೋಗಲಿ.
- 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಹೋದ ದಿನವೇ ಅದನ್ನೂ ಕೇಳಿರಿ.
- ಆಸ್ಪತ್ರೆ ಖರ್ಚಿಗೆ ಬೇಕಾದರೆ ತುರ್ತು ಸಾಲ ಕೊಡುವುದಾಗಿ ನಿರ್ಣಯ ಪುಸ್ತಕದಲ್ಲಿ ಬರೆಯಿರಿ. ಮುಖದ ಕ್ರೀಮು ಮಾರಲು ಬರುವ ಏಜೆಂಟರಿಗೆ ಸಂಘದ ಸಭೆಯಲ್ಲಿ ಜಾಗ ಕೊಡಬೇಡಿರಿ.

ಆಸ್ಪತ್ರೆಗೆ ಹೋಗಿ ಬಂದವರು ಏನು ತಿಳಿಯಿತು ಎಂಬುದನ್ನು ಸಂಘಕ್ಕೆ ಬಂದು ಹೇಳಲಿ. ಉಳಿದವರಿಗೂ ಹೋಗುವ ಧೈರ್ಯ ಬರುತ್ತದೆ.